ಬೇಡ ಅಂದರೂ ಆಗುತ್ತದೆ

ಪೂರ್ತಿ ಕೇಳುವ ಮೊದಲೇ ಹೂಂ ಅಂತ ತಲೆಯಾಡಿಸಿಬಿಡುವವರನ್ನು ಕಂಡರೆ ನನಗೆ ರೇಗುತ್ತದೆ. ಸಾಗರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಒಪ್ಪಿಗೆ ಕೇಳಿ ರೋಗಿಗಳನ್ನು ವೈದ್ಯಕೀಯ ಅಧ್ಯಯನಕ್ಕೆ ಸೇರಿಸುವುದು ನನ್ನ ಕೆಲಸ. ತಲೆಯಾಡಿಸುವವರು ಸಿಕ್ಕಷ್ಟೂ ನನಗೇ ಸಲೀಸು, ಆದರೂ ರೇಗುತ್ತದೆ. ನಮ್ಮ ಕಡೆ ಡಾಕ್ಟರಿಗೆ ಬೇಡ ಅನ್ನುವುದೆಂದರೆ ಬಡಿಸಿದ ಎಲೆ ಬಿಟ್ಟು ಎದ್ದಷ್ಟು ಅಪಚಾರ.

ಬ್ಯಾಕೋಡಿನ ಕಡೆಯವರೊಬ್ಬರು ಇಲಿಜ್ವರ ಬಂದು ಉಸಿರಾಟದ ಮಿಷನ್ ಮೇಲಿದ್ದರು. ಮಿಷನ್‌ನಿಂದ ರೋಗಿಯನ್ನು ಬಿಡಿಸುವ ಎರಡು ಕ್ರಮಗಳಿವೆ, ಎರಡೂ ಬಳಕೆಯಲ್ಲಿರುವವೇ. ಯಾವುದು ಮೇಲು ಅಂತ ನೋಡುವುದು ನಮ್ಮ ಅಧ್ಯಯನ. ರೋಗಿಗೆ ಎಚ್ಚರವಿಲ್ಲದ್ದರಿಂದ ಹೆಂಡತಿಯನ್ನು ಕೇಳಬೇಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ರೋಗಿಯ ಅಣ್ಣ ಮುಂದೆ ಬಂದರು.

"ನೀವು ಹೇಳ್ದಂಗೆ ಮಾಡಿ ಮೇಡಂ. ಅವಳನ್ನೆಂತ ಕೇಳ್ತೀರಿ?"

"ಅವರನ್ನೇ ಕೇಳ್ತೀನಿ," ಅಂದೆ.

ಭಾವನ ಹಿಂದೆ ನಿಂತಿದ್ದವಳನ್ನು ಹೊರಗಿನ ಬೆಂಚಿಗೆ ಕರೆದೊಯ್ದು ಕೂರಿಸಿ ಚಹಾ ತರಿಸಿದೆ. ಚಹಾ ಮುಗಿಯಿತು, ನನ್ನ ವಿವರಣೆಯೂ ಮುಗಿಯಿತು. ಆದರೂ ನಾನು ಏಳಲಿಲ್ಲ. ಕೊನೆಗೆ ಆಕೆ ಕೇಳಿದಳು:

"ಬ್ಯಾಡ ಅಂದ್ರೆ ಮಿಷನ್ ತೆಗೀತೀರಾ?"

ಇಷ್ಟು ಹೊತ್ತೂ ಆಕೆ ಈ ಹೆದರಿಕೆ ನುಂಗಿಕೊಂಡು ಕೂತಿದ್ದಳು.

"ಇಲ್ಲಮ್ಮ. ಮಿಷನ್ನೂ ಇರ್ತದೆ, ಡಾಕ್ಟ್ರೂ ಇರ್ತಾರೆ. ಒಂದು ಔಷಧಿನೂ ಕಮ್ಮಿ ಆಗಲ್ಲ."

"ಹಂಗಾದ್ರೆ ಬ್ಯಾಡ."

ರೋಗಿ ಕೈತಪ್ಪಿದ್ದಕ್ಕೆ ದೊಡ್ಡ ಡಾಕ್ಟರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ, ನಾನು ಮಾತು ಕೊಟ್ಟಾಗಿತ್ತು. ದಿನಾ ಬೆಳಿಗ್ಗೆ ಮೊದಲು ಆ ಹಾಸಿಗೆಯ ಹತ್ತಿರ ಹೋಗಿ, ಏನೂ ಕಮ್ಮಿಯಾಗಿಲ್ಲವೆಂದು ನೋಡಿ, ಹೊರಗೆ ಬಂದು ಆಕೆಗೆ ಹೇಳುತ್ತಿದ್ದೆ. ಗಂಡ ನಿಧಾನಕ್ಕೆ ಚೇತರಿಸಿಕೊಂಡರು, ಮಿಷನ್ ತೆಗೆದರು.

ಅವರನ್ನು ವಾರ್ಡಿಗೆ ಕಳಿಸಿದ ಮೇಲೆ ಒಂದು ದಿನ, ಹೊಸನಗರದ ಹೆಂಗಸೊಬ್ಬರು ಮಗನನ್ನು ಐಸಿಯುಗೆ ಸೇರಿಸಿ ಅದೇ ಬೆಂಚಿನಲ್ಲಿ ಕೂತಿದ್ದರು. ನಾನು ಅಧ್ಯಯನದ ಮಾತು ತೆಗೆಯುತ್ತಿದ್ದಂತೆ "ನೀವು ಹೇಳ್ದಂಗೆ" ಅಂದುಬಿಟ್ಟರು. ವಾರ್ಡಿನಿಂದ ಬಂದು ಪಕ್ಕದಲ್ಲಿ ಕೂತಿದ್ದ ಬ್ಯಾಕೋಡಿನವಳು ಅವರ ಕೈ ಹಿಡಿದಳು.

"ಅಮ್ಮಾ, ಸುಮ್ನೆ ಹೂಂ ಅನ್ಬ್ಯಾಡಿ. ಪೂರ್ತಿ ಕೇಳಿ. ಬ್ಯಾಡ ಅಂದ್ರೂ ನೋಡ್ಕೊಳ್ತಾರೆ. ನಾ ಬ್ಯಾಡ ಅಂದಿದ್ದೆ, ನಮ್ಮನೆಯವ್ರು ಈಗ ಗಂಜಿ ಕುಡೀತಿದಾರೆ."

ಆ ತಾಯಿ ಪೂರ್ತಿ ಕೇಳಿದರು. ಮಗನಿಗೆ ನೋವಾಗ್ತದಾ ಅಂದರು. ನಡುವೆ ಬಿಡಬಹುದಾ ಅಂದರು. ಗೊತ್ತಾಗದ್ದನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ "ಸೇರಿಸ್ಕೊಳ್ಳಿ" ಅಂತ ತಲೆಯಾಡಿಸಿದರು.

ಆ ಸಲ ನನಗೆ ರೇಗಲಿಲ್ಲ.