ಹನ್ನೆರಡು ಗಂಟೆಯ ಗುಡುಗು

ಇವತ್ತು ಭಾನುವಾರ. ಉಪ್ಪಿಟ್ಟು ಮಾಡುವ ಸರದಿ ನನ್ನದು. ಭರಣಿಗೆ ಕೈ ಹಾಕಿದರೆ ಉಪ್ಪು ನೀರೊಡೆದು ಬೆರಳಿಗೆಲ್ಲ ಅಂಟಿಕೊಂಡಿತು. ಜೂನ್ ತಿಂಗಳಾಗಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಡಿಸೆಂಬರ್. ರವೀಂದ್ರನಗರದ ನಮ್ಮ ಬೀದಿಯಲ್ಲಿ ಜನ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುವ ಕಾಲ, ತುಟಿಗೆ ತುಪ್ಪ ಸವರಿಕೊಳ್ಳುವ ಕಾಲ. ಇಂಥ ಹೊತ್ತಿನಲ್ಲಿ ಗಾಳಿಗೆ ಇಷ್ಟು ನೀರು ಎಲ್ಲಿಂದ ಬಂತು? ಉಪ್ಪಿನ ಬೆರಳಲ್ಲೇ ಕಿಟಕಿಗೆ ಹೋಗಿ ಆಕಾಶ ನೋಡುತ್ತ ನಿಂತೆ.

"ಉಪ್ಪು ಒದ್ದೆಯಾದ್ರೆ ಹುರಿದ್ರಾಯ್ತು. ಅದಕ್ಯಾಕೆ ಹಿಂಗೆ ಮುಖ ಮಾಡ್ಕೊಂಡು ನಿಂತಿದೀರ?" ಎಂದಳು ಹೆಂಡತಿ. ಅವಳಿಗೆ ನಾಲ್ಕು ವರ್ಷದಿಂದ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಾನು ಭದ್ರಾವತಿಯ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸುತ್ತ ಕೂತವರು ಫೋನಿನಲ್ಲಿ ರೀಲ್ಸ್ ನೋಡಿ ನಗುತ್ತಿದ್ದರೆ ನಾನು ಮೋಡ ನೋಡಿಕೊಂಡು ಗಂಭೀರವಾಗಿರುತ್ತೇನೆ. ಅಕ್ಕನ ನಾದಿನಿಯ ಮದುವೆಯಲ್ಲಿ "ಶಾಮಿಯಾನ ಸಾಲದು, ಮೇಲೆ ತಗಡು ಹಾಕಿಸಿ" ಅಂದಿದ್ದೆ. ಎರಡನೇ ಪಂಕ್ತಿಗೆ ಪಾಯಸ ಬಡಿಸುವಾಗ ಮಳೆ ಸುರಿಯಿತು ನೋಡಿ, ಅಲ್ಲಿಂದ ನಾನು ನೆಂಟರಿಗೆಲ್ಲ 'ಮಳೆ ಮೇಷ್ಟ್ರು'. ಹೊಗಳಿಕೆಗೆ ಯಾರು ತಾನೇ ಉಬ್ಬುವುದಿಲ್ಲ? ನಾನಂತೂ ಪೂರಿಯ ಹಾಗೆ ಉಬ್ಬಿದೆ.

ಫೋನಿನ ಸಣ್ಣ ಆ್ಯಪ್ ನಮ್ಮೂರ ಹೆಸರು ಹಾಕಿ, ನಮ್ಮ ಗಂಟೆಯಲ್ಲೇ ಬಿಸಿಲೋ ಮಳೆಯೋ ಹೇಳುತ್ತಿತ್ತು. ಅಷ್ಟು ಸಾಕಿತ್ತು. ನನಗೆ ಸಾಲಲಿಲ್ಲ. ಇಡೀ ಏಷ್ಯಾ ಖಂಡದ ಗಾಳಿಯನ್ನು ಬಣ್ಣಬಣ್ಣವಾಗಿ ತೋರಿಸುವ ವಿದೇಶಿ ನಕ್ಷೆಯೊಂದನ್ನು ಹುಡುಕಿಕೊಂಡೆ. ಉತ್ತರದಿಂದ ಇಳಿಯುವ ಚಳಿಗಾಳಿ ನೀಲಿ, ಬಂಗಾಳಕೊಲ್ಲಿಯಿಂದ ಏರಿಬರುವ ಹಸಿಗಾಳಿ ಹಸಿರು, ದೊಡ್ಡ ಗುಡುಗು ಏಳಬಹುದಾದ ಜಾಗವೆಲ್ಲ ಕೆಂಪು. ನಮ್ಮ ತಾಲ್ಲೂಕು ಅದರಲ್ಲಿ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ ಅದನ್ನು ತೆರೆದು ಕೂತರೆ ಖಂಡದ ಯಜಮಾನಿಕೆ ನನ್ನದೇ ಅನ್ನಿಸುತ್ತಿತ್ತು.

ಚಳಿಗಾಲದ ಗುಡುಗು ಕೆಟ್ಟ ಜಾತಿಯದು. ಅದನ್ನು ಯಾರೂ ಕಾಯುತ್ತಿರುವುದಿಲ್ಲ. ಆಯನೂರಿನ ಹತ್ತಿರ ಅಕ್ಕ-ಭಾವನಿಗೆ ಒಂದಿಷ್ಟು ಜವುಗು ಗದ್ದೆ ಇದೆ. ಅಲ್ಲಿ ಕೊಯ್ಲಿನ ಮಿಷನ್ ಇಳಿಸಿದರೆ ಹೂತುಹೋಗುತ್ತದೆ, ಕುಡುಗೋಲಿನಲ್ಲೇ ಕೊಯ್ಯಬೇಕು. ಕೊಯ್ದದ್ದನ್ನು ಎರಡು ಮೂರು ದಿನ ಬುಡದಲ್ಲಿ ಉಳಿದ ಕೂಳೆಯ ಮೇಲೇ ಒಣಗಲು ಬಿಡುತ್ತಾರೆ. ಆಗ ಮಳೆ ಬಂದರೆ ಭತ್ತವೆಲ್ಲ ಬಿದ್ದಲ್ಲೇ ಮೊಳಕೆ.

ನಾಲ್ಕು ವರ್ಷದ ಹಿಂದೆ ಹೀಗೇ ಡಿಸೆಂಬರ್‌ನಲ್ಲಿ ನಕ್ಷೆ ನಮ್ಮ ಮೇಲೆ ಕೆಂಪಾಯಿತು. ಕೆಂಪಿನ ಕೆಳಗೆ ಗಂಟೆ ಹನ್ನೆರಡು. ಹಿಂದಿನ ದಿನವೇ ಫೋನ್ ಮಾಡಿ, "ಅಕ್ಕ, ನಾಳೆ ಹನ್ನೆರಡಕ್ಕೆ ಗುಡುಗು-ಸಿಡಿಲು. ಭತ್ತಕ್ಕೆ ಟಾರ್ಪಾಲ್ ಹೊದಿಸಿ, ಯಾರೂ ಹೊರಗೆ ಹೋಗ್ಬೇಡಿ" ಎಂದೆ. ಪಾಪ, ಹಾಗೇ ಮಾಡಿದರು. ಹನ್ನೆರಡಾಯಿತು. ಒಂದಾಯಿತು. ಚುರುಗುಟ್ಟುವ ಬಿಸಿಲು.

ಊಟದ ಬಿಡುವಿನಲ್ಲಿ ಭಾವನ ಫೋನು ಬಂತು. "ಏನ್ ಮಾರಾಯ, ನಿನ್ನ ಮಳೆ ಬಸ್ಸು ತಪ್ಪಿಸ್ಕೊಂಡ್ತಾ?" ಹಿಂದೆ ಆಳುಗಳು ನಗುವುದೂ ಕೇಳಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಮಳೆ ಪಕ್ಕದ ಜಿಲ್ಲೆಗೆ ತಿರುಗಿದೆ ಭಾವ, ಇನ್ನು ಬರಲ್ಲ. ಟಾರ್ಪಾಲ್ ತೆಗೆದು ಕೆಲಸ ಶುರು ಮಾಡಿ" ಎಂದುಬಿಟ್ಟೆ. ಇದನ್ನು ಯಾವ ನಕ್ಷೆಯೂ ಹೇಳಿರಲಿಲ್ಲ.

ಸಂಜೆ ಐದೂವರೆಗೆ ಆಕಾಶ ಕಪ್ಪಾಯಿತಂತೆ. ಆಳುಗಳು ಓಡಿ ಮನೆ ಸೇರಿದರು. ಒಂದು ಮೂಲೆಯಾದರೂ ಮುಚ್ಚೋಣವೆಂದು ಅಕ್ಕ ಟಾರ್ಪಾಲ್ ಎಳೆಯುತ್ತಿದ್ದಾಗ ಬದುವಿನ ಹುಣಸೆಮರಕ್ಕೆ ಸಿಡಿಲು ಬಡಿಯಿತು. ಅಕ್ಕ ಮಾರುದೂರ ಹೋಗಿ ಬಿದ್ದಳು.

ನಾನು ಆಸ್ಪತ್ರೆಗೆ ಓಡಿದೆ. ಆಟೋದಲ್ಲಿ ಆ ನಕ್ಷೆ ತೆರೆದೆ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, ಇದು ಗ್ರೀನ್‌ವಿಚ್ ಗಂಟೆ ಎಂದು. ಅಲ್ಲಿಯ ಹನ್ನೆರಡೆಂದರೆ ನಮ್ಮ ಐದೂವರೆ. ಸ್ವಾಮಿ, ಈ ಐದೂವರೆ ಗಂಟೆಯ ಲೆಕ್ಕವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸುವವನು ನಾನು! ತಪ್ಪು ಮಾಡಿದವರಿಗೆ ಹತ್ತು ಸಲ ಬರೆಸಿದ್ದೇನೆ.

ಅಕ್ಕ ಬದುಕಿಕೊಂಡಳು. ಬಲಗಿವಿ ಹೋಯಿತು. "ಆಕಾಶದ ಆಟ, ಪಾಪ ಇವನೇನು ಮಾಡ್ತಾನೆ" ಎಂದು ಭಾವನೇ ನನ್ನ ಬೆನ್ನು ಸವರಿದರು. ನಾನು ತಲೆ ತಗ್ಗಿಸಿ ನಿಂತೆನೇ ಹೊರತು ಬಾಯಿ ಬಿಡಲಿಲ್ಲ. ಅವತ್ತಿನಿಂದ ಯಾರಿಗೂ ಮಳೆ ಹೇಳಿಲ್ಲ. ಕೇಳಿದರೆ "ಬಿಟ್ಟುಬಿಟ್ಟೆ" ಎನ್ನುತ್ತೇನೆ. ಕದ್ದು ನೋಡುವುದನ್ನು ಮಾತ್ರ ಬಿಟ್ಟಿಲ್ಲ.

ಇವತ್ತೂ ಉಪ್ಪಿಟ್ಟಿನ ಬಾಣಲೆ ಇಳಿಸಿ ನಕ್ಷೆ ನೋಡಿದೆ. ಕೆಂಪು. ಐದೂವರೆ ಕೂಡಿಸಿದೆ, ಕಾಗದದ ಮೇಲೆ ಬರೆದು ಮತ್ತೆ ಕೂಡಿಸಿದೆ. ಮಧ್ಯಾಹ್ನದಿಂದ ಯಾವಾಗ ಬೇಕಾದರೂ. ಹೇಳಿದರೆ ಮತ್ತೆ ಸುಳ್ಳಾದೀತು. ಹೇಳದಿದ್ದರೆ? ಅಕ್ಕನ ನಂಬರ್ ಒತ್ತಿದೆ.

"ಅಕ್ಕ, ಕೊಯ್ಲಾ?"

"ಹೂಂ ಕಣೋ, ಎಲ್ಲ ಗದ್ದೇಲೇ ಇದೀವಿ. ಯಾಕೆ?"

"ಅವತ್ತು ಮಳೆ ತಪ್ಪಿರ್ಲಿಲ್ಲ ಅಕ್ಕ. ನಾನು ಗಂಟೆ ತಪ್ಪು ಓದಿದ್ದೆ. ಬರಲ್ಲ ಅಂದೆನಲ್ಲ, ಅದು ಭಾವ ನಕ್ಕರು ಅಂತ ಅವಮಾನಕ್ಕೆ ಹೇಳಿದ್ದು. ನಿನ್ನ ಕಿವಿ ನನ್ನಿಂದ ಹೋಯ್ತು."

ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಕೇಳಿಸ್ತು" ಎಂದಳು. "ನಾಲ್ಕು ವರ್ಷ ಹೆಂಗಪ್ಪಾ ಸುಮ್ನಿದ್ದೆ?"

"ನಾಚಿಕೆ ಆಯ್ತು ಅಕ್ಕ."

"ಅದಕ್ಕೆ ಆಮೇಲೆ ಜಗಳ ಆಡೋಣ. ಇವತ್ತಿಂದು ಹೇಳು ಮೊದ್ಲು. ಇಲ್ಲಿ ಒಂದು ಚೂರೂ ಮೋಡ ಇಲ್ಲ."

"ನಂಗೂ ಕಾಣ್ತಿಲ್ಲ. ಬರ್ದೇನೂ ಇರ್ಬಹುದು. ಆದ್ರೂ ಎಲ್ರನ್ನೂ ಮನೆಗೆ ಕರೆಸು. ಕತ್ತಲಾಗೋವರೆಗೂ ಯಾರೂ ಇಳೀಬೇಡಿ. ನಕ್ಕರೆ ನಗ್ಲಿ."

ಫೋನ್ ಇಡಲಿಲ್ಲ ಅವಳು. ಬಿಸಿಲು ತುಂಬಿದ ಗದ್ದೆಗೆ ಕೂಗಿದ್ದು ನನಗಿಲ್ಲಿ ಕೇಳಿಸಿತು.

"ಏಯ್, ಕುಡುಗೋಲು ಬಿಟ್ಟು ಎಲ್ರೂ ಮೇಲೆ ಬನ್ರೋ! ನನ್ನ ತಮ್ಮ ಹೇಳ್ತಿದಾನೆ!"