ಅವ್ವ ಎರಡನೇ ಸಲ ಹಾಡಿದಾಗ

ಮೊನ್ನೆ ಕುವೈತಿನ ಮಹಬೂಲಾದ ದಿನಸಿ ಅಂಗಡಿಯಲ್ಲಿ ಯಾರೋ ಜೇಷ್ಠಮಧುವಿನ ಡಬ್ಬಿ ತೆರೆದರು. ಆ ವಾಸನೆಗೆ ನಾನು ಸಾಮಾನಿನ ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ನಾನು ಸಣ್ಣವಳಿದ್ದಾಗ ಪಕ್ಕದ ಅಬು ಹಲೀಫಾದ ನಾಲ್ಕನೇ ಮಹಡಿಯ ನಮ್ಮ ಮನೆ ತುಂಬ ಇದೇ ವಾಸನೆ ಇರುತ್ತಿತ್ತು. ಅವ್ವ ಗಂಟಲಿಗೆಂದು ಅದರ ಕಡ್ಡಿಯನ್ನು ಸದಾ ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಮದುವೆಗೆ ಮೊದಲು ಆಕೆ ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಹಾಡುವ ನಾಯಕಿ. ಮೈಕು ಕೈಕೊಟ್ಟರೂ ಕೊನೆಯ ಸಾಲಿನವರೆಗೆ ಕೇಳುವ ಗಂಟಲು. ಅಪ್ಪ ಆ ನಾಟಕಗಳ ಹಾಡುಗಳಿಗೆ ಮಟ್ಟು ಹಾಕಿ ದೊಡ್ಡ ಹೆಸರು ಮಾಡಿದವನು. ಕುವೈತಿಗೆ ಬಂದು ಎಣ್ಣೆ ಕಂಪನಿಯಲ್ಲಿ ಟೆಕ್ನಿಷಿಯನ್ ಆದ ಮೇಲೂ ಊರಿನವರು ಫೋನ್ ಮಾಡಿ ಅವನಿಂದ ಹೊಸ ಮಟ್ಟು ಕೇಳುತ್ತಿದ್ದರು. ಜನ ಅವನನ್ನು ಮಾಸ್ತರು ಎನ್ನುತ್ತಿದ್ದರು. ನಾನು ಏನೆನ್ನುತ್ತೇನೆಂದು ಇಲ್ಲಿ ಬರೆಯಲಾರೆ.

ಹೊಸ ಮಟ್ಟನ್ನು ಮೊದಲು ಹಾಡುವವಳು ಅವ್ವ. ಒಂದು ಸ್ವರ ಆಚೀಚೆ ಆದರೆ ಹಾರ್ಮೋನಿಯಂ ಕೀಗಳ ಮೇಲಿದ್ದ ಅವನ ಕೈ ಎದ್ದು ಅವಳ ಕೆನ್ನೆಗೆ ಬೀಳುತ್ತಿತ್ತು. ತಿದಿ ಒತ್ತುವ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಒಮ್ಮೆ ಸ್ಟೀಲ್ ಲೋಟ ಎಸೆದು ಹುಬ್ಬು ಒಡೆದ. ರಕ್ತ ಒರೆಸಿಕೊಂಡು ಆಕೆ ಪಲ್ಲವಿಯಿಂದ ಮತ್ತೆ ಶುರು ಮಾಡಿದಳು. ಅಯ್ಯೋ, ಆ ದನಿ ಅಷ್ಟು ಚೆಂದ ಇರಬಾರದಿತ್ತು! ಹೊಡೆತ ತಿಂದ ದಿನವೂ ರೊಟ್ಟಿ ಬಡಿಯುತ್ತ ನನಗೆ ಕಂಪನಿಯ ಕಥೆ ಹೇಳುತ್ತಿದ್ದಳು. “ಮಂದಿ ಒನ್ಸ್ ಮೋರ್ ಅಂದ್ರ ಹಾಡಾಕ ಬೇಕವ್ವ. ಸ್ಟೇಜಿನ್ಯಾಗ ಸತ್ತ ಬಿದ್ದ ರಾಜಾನೂ ಎದ್ದು ಹಾಡತಿದ್ದ!” ಎರಡನೇ ಸಲ ಹಾಡುವಾಗ ತನ್ನದೊಂದಿಷ್ಟು ಸೇರಿಸುವುದು ಕಂಪನಿಯ ರಿವಾಜು.

ನನಗಾಗ ಒಂಬತ್ತು ವರ್ಷ. ಶುಕ್ರವಾರ ಮಧ್ಯಾಹ್ನ ಕನ್ನಡಿಗರ ಕಾರ್ಯಕ್ರಮವಿತ್ತು. ಹೊಸ ಮಟ್ಟನ್ನು ಒಂದೇ ಸಲ, ತಾನು ಕಲಿಸಿದಂತೆಯೇ ಹಾಡಬೇಕೆಂದು ಅಪ್ಪ ಮನೆಯಲ್ಲೇ ತಾಕೀತು ಮಾಡಿದ್ದ. ಅವ್ವ ಹಾಡಿ ಮುಗಿಸಿ ಕೈಮುಗಿದಳು. ಅವಳಿಗೆ ಖುಷಿಯಾಗಲೆಂದು ನಾನು ಕುರ್ಚಿ ಹತ್ತಿ “ಒನ್ಸ್ ಮೋರ್!” ಎಂದು ಕಿರುಚಿದೆ. ಸಭೆಯೆಲ್ಲ ಅದನ್ನೇ ಕೂಗಿತು. ಅವ್ವ ನನ್ನ ಕಡೆ ನೋಡಿದಳು, ಕಣ್ಣು ಮುಚ್ಚಿ ಹಾಡನ್ನು ಮತ್ತೆ ಎತ್ತಿಕೊಂಡಳು. ಅಪ್ಪ ಹಾರ್ಮೋನಿಯಂ ನಿಲ್ಲಿಸಿಬಿಟ್ಟ. ಆಕೆ ನಿಲ್ಲಲಿಲ್ಲ, ಅವನ ಮಟ್ಟು ದಾಟಿ ತನ್ನದೇ ದಾರಿ ಹಿಡಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆಯ ಬಾಗಿಲು ಹಾಕಿದವನೇ ಅಪ್ಪ, “ನನ್ನ ಮಟ್ಟಿನ್ಯಾಗ ಕೈ ಹಾಕ್ತಿ ಏನ?” ಎಂದು ಅವಳ ತುರುಬು ಹಿಡಿದು ಗೋಡೆಗೆ ಅಪ್ಪಳಿಸಿದ. ಬಿದ್ದವಳ ಗಂಟಲ ಮೇಲೆ ಬೂಟುಗಾಲು ಇಟ್ಟು ಒತ್ತಿದ. ಒಳಗೆ ಏನೋ ಮುರಿದ ಸದ್ದು ನನಗೆ ಕೇಳಿಸಿತು. ಆಸ್ಪತ್ರೆಯಲ್ಲಿ, ಬಾತ್‌ರೂಮಿನಲ್ಲಿ ಜಾರಿ ಬಿದ್ದಳೆಂದ. ಮಲಯಾಳಿ ನರ್ಸ್ ನಂಬಲಿಲ್ಲ. ಅವನನ್ನು ಹೊರಗೆ ಕಳಿಸಿ, ನನ್ನ ಮುಂದೆ ಕೂತು, ನಿಜ ಹೇಳು ಮಗಳೇ, ಪೊಲೀಸರನ್ನು ನಾನು ಕರೆಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾತು ಹೊರಡದ ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಒನ್ಸ್ ಮೋರ್ ಎಂದು ಮೊದಲು ಕೂಗಿದವಳು ನಾನೆಂಬುದೂ ಹೊರಬೀಳುತ್ತದೆಂದು ನನಗೆ ಹೆದರಿಕೆ. “ಶಿ ಸ್ಲಿಪ್ಡ್,” ಎಂದುಬಿಟ್ಟೆ.

ವಾರದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದ. ಹನ್ನೆರಡು ವರ್ಷ ಅವ್ವ ಅವನ ಜೊತೆಗೇ ಬದುಕಿದಳು, ಪಿಸುಮಾತಿನಲ್ಲಿ. ಹಾಡಲೇ ಇಲ್ಲ. ಕೊನೆಯ ವಾರ ನಾನು ತಪ್ಪಾಯಿತೆನ್ನಲು ಹೋದರೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, “ಸಣ್ಣಾಕಿ ಇದ್ದಿ ಬಿಡವ್ವ,” ಎಂದಳು. ಈಗ ಆಕೆಯೂ ಇಲ್ಲ, ಅಪ್ಪನೂ ಇಲ್ಲ, ಕೇಳುವ ನರ್ಸೂ ಇಲ್ಲ. ಅದಕ್ಕೇ ಓದುತ್ತಿರುವ ನಿಮಗೆ ಹೇಳುತ್ತಿದ್ದೇನೆ: ನಮ್ಮವ್ವ ಜಾರಿ ಬಿದ್ದಿರಲಿಲ್ಲ.