ತಿಗಣೆಗೆ ತೋಳು ಕೊಡುವ ಫರ್ಹತ

ಅಕ್ಕಿಆಲೂರಿನ ಸಂತೆ ಬಯಲಿನ ಪಕ್ಕ ಬೆಳಕು ಹರಿಯುವ ಮೊದಲೇ ದಪ್ ದಪ್ ಸದ್ದು. ಮೂಗಿಗೆ ಸೆರಗು ಕಟ್ಟಿಕೊಂಡ ಫರ್ಹತ ಹಳೆ ಗಾದಿಯ ಅರಳೆಯನ್ನು ಕೋಲಿನಿಂದ ಬಡಿಯುತ್ತಿದ್ದಾಳೆ. ಅಂಗಡಿಯ ಬೋರ್ಡಿನ ಮೇಲಿರುವುದು ಗಂಡ ದಿಲಾವರನ ಹೆಸರು. ಗಾದಿ ಹೊಲಿಯುವವನು ಅವನೇ, ಸುಳ್ಳೇಕೆ ಹೇಳಲಿ. ಆದರೆ ಯಾರ ಮನೆಯಲ್ಲಾದರೂ ತಿಗಣೆಯ ಗುಮಾನಿ ಎದ್ದರೆ ಕರೆ ಬರುವುದು ಫರ್ಹತಳಿಗೆ.

ಕಾರಣ ಆಕೆಯ ತೊಗಲು. ತಿಗಣೆ ಕಚ್ಚಿದ್ದು ಆ ಗಳಿಗೆಯಲ್ಲಿ ಬಹುಮಂದಿಗೆ ತಿಳಿಯುವುದೇ ಇಲ್ಲ. ಕೆಲವರಿಗೆ ಮರುದಿನ ತುರಿಕೆ, ಕೆಲವರಿಗೆ ವಾರ ಕಳೆದ ಮೇಲೆ, ಕೆಲವರಿಗೆ ಜನ್ಮದಲ್ಲೇ ಇಲ್ಲ. ದಿಲಾವರ ಆ ಕೊನೆಯ ಪೈಕಿ. ಫರ್ಹತಳಿಗೆ ಮಾತ್ರ, ಹಳೆ ಗಾದಿಗಳ ನಡುವೆ ಕಚ್ಚಿಸಿಕೊಂಡು ಕಚ್ಚಿಸಿಕೊಂಡು, ಈಗ ಚಹಾ ಕುದಿಯುವಷ್ಟರಲ್ಲಿ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದು ಏಳುತ್ತವೆ.

“ತಗಣಿ ಹಲ್ಲಿಂದಲ್ರೀ ತುರಿಕಿ ಬರೂದು. ಅದರ ಎಂಜಲಾ ಒಳಗ ಹೋಗಿರ್ತೈತಿ, ಮೈ ಅದರ ಕೂಡ ಜಗಳಾ ತಗೀತೈತಿ. ನಂದು ಜಗಳಗಂಟ ಮೈ.”

“ಮೈ ಅಷ್ಟ ಅಲ್ಲ,” ಎಂದು ಒಳಗಿನಿಂದ ದಿಲಾವರ ಸೇರಿಸುತ್ತಾನೆ.

ಹೋದ ಮದುವೆ ಹಂಗಾಮಿನಲ್ಲಿ ಈ ಅಂಗಡಿಯ ಹೆಸರೇ ಹೋಗುವುದರಲ್ಲಿತ್ತು. ಹಂಸಭಾವಿಯ ಸುಧಾರಾಣಿ ಇಲ್ಲಿ ಹೊಲಿಸಿದ ಗಾದಿ ತೆಗೆದುಕೊಂಡು ಯಲವಿಗಿಯ ಹಾಲವ್ವನ ಮನೆಗೆ ಸೊಸೆಯಾಗಿ ಹೋದಳು. ಆ ಮನೆಯಲ್ಲಿ ಹೊಸ ಜೋಡಿಗೆ ಹಿರಿಯರ ಸಾಗವಾನಿ ಮಂಚ ಬಿಟ್ಟುಕೊಡುವುದು ಪದ್ಧತಿ. ಎರಡು ವಾರ ಕಳೆಯುವುದರಲ್ಲಿ ಹುಡುಗಿಯ ಕುತ್ತಿಗೆ, ತೋಳು ತುಂಬ ದದ್ದು. ಪಕ್ಕದಲ್ಲೇ ಮಲಗಿದ ಗಂಡ ಬಸವೇಶನಿಗೆ ಒಂದೂ ಇಲ್ಲ. ತೀರ್ಪು ಸಲೀಸಾಯಿತು: ತಿಗಣೆ ಬಂದದ್ದು ತವರಿನ ಗಾದಿಯಲ್ಲಿ, ಗಾದಿ ವಾಪಸ್. ನಮ್ಮ ಕಡೆ ಮದುಮಗಳ ಗಾದಿ ತಿರುಗಿ ಹೋಯಿತೆಂದರೆ ತವರಿನ ಮಾನವೂ ಅದೇ ಸುರುಳಿಯಲ್ಲಿ ಸುತ್ತಿಕೊಂಡು ಹೋದ ಹಾಗೆ.

ಸುದ್ದಿ ತಿಳಿದ ಫರ್ಹತ, ಗಾದಿ ಹೊರಡುವ ಮೊದಲೇ ಯಲವಿಗಿಯ ಬಸ್ ಹಿಡಿದಳು. ಗಾದಿಯ ಹೊಲಿಗೆ ಬಿಚ್ಚಿ ತೋರಿಸಿದಳು, ಅರಳೆ ಬೆಳ್ಳಗಿತ್ತು. ಆಮೇಲೆ ಕಿಟಕಿ ಮುಚ್ಚಿಸಿ, ಬರಿಯ ಮಂಚದ ಮೇಲೆ ತೋಳು ಚಾಚಿ ಮಲಗಿದಳು. ಹಸಿದ ತಿಗಣೆಗೆ ಹಗಲೇನು, ರಾತ್ರಿಯೇನು, ಕತ್ತಲಿದ್ದರೆ ಸಾಕು. ಹೊರಬಂದಾಗ ಮೊಣಕೈ ಕೆಳಗೆ ಮೂರು ದದ್ದು, ನೇಗಿಲ ಸಾಲಿನಂತೆ.

“ಮೂವತ್ತ ವರ್ಷ ಮಲಗೇನಿ ಅದರ ಮ್ಯಾಲ,” ಎಂದಳು ಹಾಲವ್ವ. “ಒಂದ ದಿನಾ ತುರಿಸಿಲ್ಲ.”

“ನಿಮ್ಮನ್ನೂ ಕಡದಾವ್ರೀ ಅವ್ವಾರ. ನಿಮ್ಮ ಮೈ ಬಾಯಿ ಬಿಟ್ಟಿಲ್ಲ, ಅಷ್ಟ. ಸೊಸಿ ಮೈ ಖರೇ ಹೇಳೈತಿ.”

ಹಾಲವ್ವ ಮಂಚ ನೋಡಿದಳು, ಸೊಸೆಯನ್ನು ನೋಡಿದಳು. “ಹಂಗಾರ ಈ ಮನ್ಯಾಗ ಬಾಯಿ ಅಷ್ಟ ನಂದು, ಖರೇ ಸೊಸೀದು.”

ಬಾಗಿಲ ಮರೆಯಲ್ಲಿ ಸುಧಾರಾಣಿಗೆ ನಗು ತಡೆಯಲಾಗಲಿಲ್ಲ. ಸಂಜೆಯೇ ಮಂಚದ ಸಂದುಗಳಿಗೆ ಕುದಿನೀರು ಬಿತ್ತು. ತತ್ತಿ ಉಳಿದಿರುತ್ತವೆಂದು ಫರ್ಹತ ಹೇಳಿದ್ದಕ್ಕೆ, ವಾರಕ್ಕೊಮ್ಮೆ ಮತ್ತೆ ಮತ್ತೆ.

ಈಗ ಅದೇ ಮನೆಯಿಂದ ಕರೆ ಬಂದಿದೆ: ಮಂಚ ಶುದ್ಧವಾಯಿತೋ ಇಲ್ಲವೋ ನೋಡಬೇಕು. ಇದನ್ನು ಬರೆಯಲೆಂದು ಜೊತೆಗೆ ನಾನೂ ಹೊರಟಿದ್ದೇನೆ. ಆಸೆಯೇನಾದರೂ ಉಂಟೇ ಎಂದು ಬಸ್ಸಿನಲ್ಲಿ ಕೇಳಿದರೆ ಫರ್ಹತ ತೋಳು ಸವರಿಕೊಳ್ಳುತ್ತಾಳೆ.

“ಒಬ್ಬರ ಮನ್ಯಾಗರ, ಪರೀಕ್ಷಾ ಮಾಡಾಕ ಮಲಗಿದಾಕಿ ಹಂಗ ನಿದ್ದಿ ಹೋಗಬೇಕ್ರೀ. ನನ್ನ ಮೈ ನನ್ನ ಎಬ್ಬಸಬಾರದು.”

ಹಾಲವ್ವನ ಮನೆಯಲ್ಲಿ ಊಟವಾದ ಮೇಲೆ ಆಕೆ ಮಂಚದ ಕೋಣೆಗೆ ಹೋಗಿ ಕದ ಮುಚ್ಚಿಕೊಳ್ಳುತ್ತಾಳೆ. ಸುಧಾರಾಣಿ ಚಹಾ ಮಾಡುತ್ತಾಳೆ. ಅದು ಆರಿ, ಮತ್ತೊಮ್ಮೆ ಮಾಡಿದ್ದೂ ಆರುತ್ತದೆ. ಒಳಗಿನಿಂದ ಸಣ್ಣಗೆ ಗೊರಕೆ. ಬಸವೇಶ ಕದ ಬಡಿಯಲು ಕೈ ಎತ್ತುತ್ತಾನೆ. ಹಾಲವ್ವ ಆ ಕೈ ಹಿಡಿದುಕೊಳ್ಳುತ್ತಾಳೆ.

“ಎಬ್ಬಸಬ್ಯಾಡೋ. ಆಕಿ ಕೆಲಸದಾಗ ಅದಾಳ.”